ಗೀಟು ಹಾಕಿದ ಹೆಸರು

ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಪಾದಗಳು ನೆನಪಿವೆ. ಏಳು ಮಳೆಗಾಲ ಆ ಪಾದಗಳ ಹಿಂದೆ ನಡೆದವನು ನಾನು. ಅಗಲವಾದ, ಹಿಮ್ಮಡಿ ಒಡೆದ ಪಾದಗಳು. ಹುಲ್ಲಿನ ನಡುವೆ ಎಲ್ಲಿ ಕಪ್ಪು ಕಲ್ಲು ತಲೆಯೆತ್ತಿದೆಯೋ ಅಲ್ಲಿ ಮಾತ್ರ ಅವು ಊರುತ್ತಿದ್ದವು. ಮಣ್ಣಿದ್ದಲ್ಲಿ ಊರುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆಯ ದಾರಿಗೆ ನಲವತ್ತು ಹೆಜ್ಜೆ ಹಾಕುತ್ತಿದ್ದರು. ಗಿಡಗಳ ಮೇಲಿನ ಕಾಳಜಿ ಎಂದು ನಾನು ತಿಳಿದಿದ್ದೆ. ಹಾಗೆಂದು ತರಗತಿಯಲ್ಲಿ ಹುಡುಗರಿಗೆ ಹೇಳಿದ್ದೂ ಉಂಟು.

ಆಗ ಅವರನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಆದರೆ ಹುಲ್ಲುಗುಡ್ಡದ ಕಾವಲಿನವರು, ನಾನು ಕಾಲೇಜಿನವನು. ಈಗ ಬರೆಯಲು ಕೂತರೆ ಕೈ ತಾನಾಗಿಯೇ ಬಹುವಚನ ಬರೆಯುತ್ತಿದೆ.

ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಐವತ್ತೆಂಟರಲ್ಲಿ ಕುಮಟೆಗೆ ಬಂದವನಿಗೆ ಊರು ಹಿಡಿಸಲಿಲ್ಲ. ಒಂದು ಕಡೆ ಕೂರುವ ಸ್ವಭಾವ ನನ್ನದಲ್ಲ. ಭಾನುವಾರ ಬಂತೆಂದರೆ ಗಿಡ ಒತ್ತುವ ಹಲಗೆ, ಹಳೆಯ ಪತ್ರಿಕೆಗಳ ಕಟ್ಟು, ಒಂದು ನೋಟುಬುಕ್ಕು ಹೆಗಲಿಗೇರಿಸಿ ಹೊರಡುತ್ತಿದ್ದೆ. ಬಸ್ಸಿನಲ್ಲಿ ಹೊನ್ನಾವರ, ಅಲ್ಲಿ ಲಾಂಚಿನಲ್ಲಿ ಹೊಳೆ ದಾಟಿ ಆಚೆ ದಡದಲ್ಲಿ ಭಟ್ಕಳದ ಬಸ್ಸು. ಮುರ್ಡೇಶ್ವರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ಇಳಿದು ಬಲಗಡೆಯ ಗುಡ್ಡ ಹತ್ತಿದರೆ ಆ ಬೇಣ.

ನಮ್ಮ ಕಡೆ ಬೇಣ ಎಂದರೆ ಹುಲ್ಲಿಗಾಗಿ ಬಿಟ್ಟ ನೆಲ. ಇದು ಸರಕಾರ ಕಾದಿಟ್ಟ ಬೇಣ. ಮಳೆ ಹಿಡಿದ ದಿನದಿಂದ ಹುಲ್ಲು ಬಲಿಯುವವರೆಗೆ ದನ ಬಿಡಕೂಡದು, ಕತ್ತಿ ಹಾಕಕೂಡದು ಎಂದು ತಗಡಿನ ಮೇಲೆ ಬರೆದು ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಅದು ರೊಟ್ಟಿ ಸುಡುವ ಹೆಂಚು. ಚಿರೇಕಲ್ಲಿನ, ಅಂದರೆ ಮೇಲ್ಮೈ ಕಪ್ಪಾದ ಕೆಂಪು ಮುರಕಲ್ಲಿನ, ಬರಿ ಹಾಸು. ಕಲ್ಲಿನ ಮೇಲೇ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟು, ಹತ್ತಿರ ಹೋದವರ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿತ್ತು. ನಾಲ್ಕು ಮಳೆ ಬಿದ್ದರೆ ಅದೇ ಹೆಂಚಿನ ಮೇಲೆ ನಂಬಲಾಗದ್ದು ನಡೆಯುತ್ತಿತ್ತು. ಮೊದಲು ಅಂಗಿಯ ಬಿಳಿ ಗುಂಡಿಯಂಥ ಹೂಗಳು. ಆಮೇಲೆ ಎಲೆಯ ತುದಿಗೆ ಅಂಟು ಹನಿ ಹೊತ್ತು ಸೊಳ್ಳೆ ಹಿಡಿಯುವ ಕೆಂಪು ಗಿಡ. ಶ್ರಾವಣ ದಾಟಿದರೆ ನಸುಗೆಂಪು ಕರ್ಣಕುಂಡಲ, ನೆಲದ ಸೀತಾಳೆ, ಎಳೆ ಹಳದಿ ಹೂಗಳ ಹಾಸು. ಭಾದ್ರಪದಕ್ಕೆ, ನೀರು ನಿಂತಲ್ಲೆಲ್ಲ, ಬೇರಿನಂಥ ಎಳೆಗಳ ಸಣ್ಣ ಚೀಲಗಳಿಂದ ನೀರಿನ ಹುಳ ಹಿಡಿದು ತಿನ್ನುವ ನೀಲಿ ಹೂವು. ನೀಲಿ ಎಂದರೆ ಬೇಣದ ಮೇಲೆ ಯಾರೋ ಇಂಕು ಚೆಲ್ಲಿದ ಹಾಗೆ.

ಮೊದಲ ಸಲ ಅವರು ನನ್ನನ್ನು ಹಿಡಿದದ್ದು ಐವತ್ತೊಂಬತ್ತರ ಜೂನಿನಲ್ಲಿ. ಮೊಣಕಾಲೂರಿ ಗಿಡ ಕೀಳುತ್ತಿದ್ದೆ. ಬೆನ್ನ ಹಿಂದೆ ನಿಂತು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ತಲೆಯಿಂದ ಮೊಣಕಾಲವರೆಗೆ ಎಲೆ ಹೆಣೆದ ಗೊರಬು. ಅದರೊಳಗಿಂದ ದನಿ ಬಂತು.

“ಹುಲ್ಲು ಕದಿಯೋರು ಕತ್ತಿ ತತ್ರು, ಹಗ್ಗ ತತ್ರು. ಕಾಗ್ದ ತಂದೋರ ಇವತ್ತೇ ಕಂಡದ್ದು.”

ನಾನು ಕಾಲೇಜಿನ ಮಾಸ್ತರ, ಗಿಡಗಳ ಅಭ್ಯಾಸಕ್ಕೆ ಬಂದಿದ್ದೇನೆ ಎಂದೆ. ಅವರು ಬಗ್ಗಿ ನನ್ನ ಕೈಯಲ್ಲಿದ್ದುದನ್ನು ನೋಡಿದರು. ಇದನ್ನು ದನ ತಿನ್ನುತ್ತದೆಯೇ ಎಂದು ಕೇಳಿದರು. ಇಲ್ಲ. ಮನುಷ್ಯರು? ಇಲ್ಲ. ಮದ್ದಿಗೆ? ಗೊತ್ತಿಲ್ಲ.

“ಹಂಗಾರೆ ನಿಮ್ಗೆ ಸಂಬಳ ಕೊಡೂದು ಎಂತಕ್ಕೆ?”

ಆ ಪ್ರಶ್ನೆಯನ್ನು ಕುಮಟೆಯ ಸ್ಟಾಫ್ ರೂಮಿನಲ್ಲಿ ನಾನೇ ಹೇಳಿ ನಗಿಸಿದ್ದೆ. ಅವರ ಮಾತುಗಳನ್ನು ಹೀಗೆ ಹೊತ್ತು ತಂದು ನಗಿಸುವುದು ನನ್ನ ಸೋಮವಾರದ ಅಭ್ಯಾಸವಾಗಿತ್ತು. ನಾಲಿಗೆ ಹಾಗಿತ್ತು ಅವರದು. ತಪಾಸಣೆಗೆ ಬಂದ ಸಾಹೇಬರೊಬ್ಬರು ಬೂಟು ಜಾರಿ ಬಿದ್ದಾಗ, ಬೇಣಕ್ಕೆ ಅಡ್ಡ ಬಿದ್ದ ಮೊದಲ ಆಫೀಸರ್ರು ನೀವೇ ಎಂದಿದ್ದರಂತೆ.

ಎರಡನೆಯ ವರ್ಷಕ್ಕೆ ನಮ್ಮ ನಡುವೆ ಒಂದು ಪದ್ಧತಿ ಬಿದ್ದಿತ್ತು. ನಾನು ಹೋದಾಗ ಅವರು ತಗಡಿನ ಫಲಕದ ಹತ್ತಿರ ಕಾದಿರುತ್ತಿದ್ದರು. ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಅಲ್ಲೇ ಉಗಿಯುತ್ತಿದ್ದರು. ಬೇಣದ ಮೇಲೆ ಒಂದು ದಿನವೂ ಉಗಿದವರಲ್ಲ. ಮುಂದೆ ಅವರು, ಹಿಂದೆ ನಾನು. ನಾನು ಕೇಳುವುದು ಒಂದೇ: ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಊರ ಹೆಸರುಗಳನ್ನು ಕೂಡಿಸಿ ಪಟ್ಟಿ ಮಾಡಬೇಕು, ಎಲ್ಲಾದರೂ ಅಚ್ಚು ಹಾಕಿಸಬೇಕು ಎಂಬ ಹುಚ್ಚು ನನಗೆ. ಹೆಚ್ಚಿನವಕ್ಕೆ ಅವರ ಉತ್ತರ, “ಅದೆಂತದೋ ಹುಲ್ಲು.” ಹೆಸರು ಹೇಳಿದ್ದು ನಾಲ್ಕಕ್ಕೆ ಮಾತ್ರ.

ಕಲ್ಲಿನ ಹಾಸಿನಲ್ಲಿ ಅಲ್ಲಲ್ಲಿ ಮಣ್ಣು ತುಂಬಿದ ಆಳವಾದ ಕುಳಿಗಳಿದ್ದವು. ಬೇಣದ ಪಡುಗಡೆ, ಕಡಲು ಕಾಣುವ ಅಂಚಿನಲ್ಲಿ, ಅಂಥ ನಾಲ್ಕು ಕುಳಿಗಳ ಬಳಿ ಅವರು ತಾವಾಗಿಯೇ ನಿಂತರು. ತಲೆಯ ವಸ್ತ್ರ ತೆಗೆದರು. ಮಳೆ ಹನಿಯುತ್ತಿತ್ತು, ಗೊರಬನ್ನೂ ತೆಗೆದು ಕಲ್ಲಿನ ಮೇಲಿಟ್ಟರು. ನೀಲಿ ಹೂವಿನ ಮೊದಲ ಕುಳಿಗೆ ಕೈ ತೋರಿಸಿ, “ಇದು ಮಾದೇವಿ,” ಎಂದರು. ಬಿಳಿ ಗುಂಡಿಯ ಹೂವಿನ ಕುಳಿ ಸುಬ್ಬು. ಹಳದಿ ಹೂವಿನದು ತಿಮ್ಮು. ಇನ್ನೊಂದು ಕುಳಿಯಲ್ಲಿ ಮತ್ತೆ ನೀಲಿ ಹೂವು. “ಅದು ನಾಗಿ. ಮಾದೇವಿ ತಂಗಿ.”

ನನಗೆ ರೋಮಾಂಚನವಾಯಿತು. ಅಕ್ಷರ ಬಾರದ ಮನುಷ್ಯ ಗಿಡಗಳನ್ನು ಅಕ್ಕ ತಂಗಿ ಅಣ್ಣ ತಮ್ಮ ಎಂದು ಬಳಗ ಕಟ್ಟಿ ನೋಡುತ್ತಾನೆ. ನಾವು ಕುಲ, ಜಾತಿ ಎಂದು ಪುಸ್ತಕದಲ್ಲಿ ಮಾಡುವುದನ್ನೇ ಈತ ಕಣ್ಣಳತೆಯಲ್ಲಿ ಮಾಡಿದ್ದಾನೆ. ಹೆಣ್ಣು ಗಂಡಿನ ಹೆಸರುಗಳು ವಿಚಿತ್ರವೆನಿಸಲಿಲ್ಲ. ಗೌರಿ ಹೂ ಇಲ್ಲವೇ, ಸೀತಾಳೆ ಇಲ್ಲವೇ. ಬರೆದುಕೊಂಡೆ. ಬರೆಯುವುದನ್ನು ಅವರು ನನ್ನ ಭುಜದ ಮೇಲಿಂದ ಉಸಿರು ಹಿಡಿದು ನೋಡುತ್ತಿದ್ದರು. ಬರೆದಾದ ಮೇಲೆ ಓದಿ ಎಂದರು. ಓದಿದೆ. ಅನುಕ್ರಮ ತಪ್ಪಿತು ಎಂದರು: ಮೊದಲು ಮಾದೇವಿ, ಆಮೇಲೆ ಸುಬ್ಬು, ಆಮೇಲೆ ನಾಗಿ, ಕಡೆಗೆ ತಿಮ್ಮು. ತಿದ್ದಿಕೊಂಡು ಮತ್ತೆ ಓದಿದೆ. ಅಂದಿನಿಂದ ಪ್ರತಿ ಸಲ ಇಳಿಯುವ ಮೊದಲು ನಾಲ್ಕೂ ಹೆಸರನ್ನು ಪುಸ್ತಕದಿಂದ ಓದಿಸಿಯೇ ನನ್ನನ್ನು ಬಿಡುತ್ತಿದ್ದರು. ನಾನು ಓದುವಷ್ಟು ಹೊತ್ತೂ ಬರಿ ತಲೆಯಲ್ಲಿ ನಿಂತಿರುತ್ತಿದ್ದರು. ಓದು ಬಾರದವರಿಗೆ ಅಕ್ಷರದ ಮೇಲೆ ಇರುವ ಬೆರಗು ಎಂದುಕೊಂಡೆ.

ಇಷ್ಟು ನನಗೆ ಖಚಿತವಾಗಿ ನೆನಪಿದೆ. ಅಥವಾ ಈಗ ಎಲ್ಲ ಗೊತ್ತಾದ ಮೇಲೆ, ಮಳೆಯಲ್ಲಿ ತೆಗೆದಿಟ್ಟ ಆ ಗೊರಬನ್ನು ನನ್ನ ತಲೆಯೇ ಸೇರಿಸಿಕೊಂಡಿತೇ? ನೋಟುಬುಕ್ಕಿನಲ್ಲಿ ಗೊರಬಿನ ಪ್ರಸ್ತಾಪವಿಲ್ಲ. ಅಲ್ಲಿರುವುದು ಎಲೆಯ ಉದ್ದ, ದಳಗಳ ಸಂಖ್ಯೆ.

ನರಿಯ ವಿಷಯ ಮಾತ್ರ ಪುಸ್ತಕದಲ್ಲೇ ಇದೆ. ಕದ್ದು ನುಗ್ಗಿದ ದನಗಳನ್ನು ಅವರು ಬೈಯುತ್ತ ಮೆಲ್ಲಗೆ ಹೊರಗೆ ಅಟ್ಟುತ್ತಿದ್ದರು. ತಿಂದ ಹುಲ್ಲು ಬರುವ ವರ್ಷ ಹುಟ್ಟುತ್ತದೆ ಎನ್ನುವರು. ಆದರೆ ನರಿ ಕಂಡರೆ, ಮುಳ್ಳುಹಂದಿಯ ಒಂದು ಮುಳ್ಳು ಬಿದ್ದದ್ದು ಕಂಡರೆ ಬೇರೆಯೇ ಮನುಷ್ಯನಾಗುತ್ತಿದ್ದರು. ಒಂದು ಮಧ್ಯಾಹ್ನ ನರಿಯೊಂದರ ಹಿಂದೆ ಕಲ್ಲು ಬೀಸುತ್ತ ಗುಡ್ಡದ ಬುಡದವರೆಗೆ ಓಡಿ, ಏದುಸಿರು ಬಿಡುತ್ತ ಬಂದರು. ನಾನು ಉಪದೇಶ ಮಾಡಿದೆ: ನರಿ ಹುಲ್ಲು ತಿನ್ನುವುದಿಲ್ಲ, ಇಲಿ ತಿನ್ನುತ್ತದೆ, ಅದರಿಂದ ಬೇಣಕ್ಕೆ ಲಾಭವೇ. ಅವರು ಸುಮ್ಮನೆ ಕೇಳಿ, “ಅದು ಕೆರೀತದೆ ಮಾಸ್ತರ್ರೆ,” ಎಂದರು. ‘ನರಿಯ ಬಗ್ಗೆ ಕಾರಣವಿಲ್ಲದ ದ್ವೇಷ’ ಎಂದು ನಾನು ಬರೆದಿದ್ದೇನೆ.

ಪಟ್ಟಿ ತಯಾರಿಸಲು ಕೂತಾಗ ತೊಡಕು ಬಂತು. ಜೂನಿನಲ್ಲಿ ಮೊದಲ ಕುಳಿಯಲ್ಲಿ ಕೆಂಪು ಅಂಟುಗಿಡ ಇದ್ದಾಗಲೂ ಅವರು ಮಾದೇವಿ ಎಂದಿದ್ದರು. ಭಾದ್ರಪದದಲ್ಲಿ ಅಲ್ಲಿ ನೀಲಿ ಹೂವು ಬಂದಾಗಲೂ ಮಾದೇವಿ. ಎರಡು ಗಿಡಕ್ಕೆ ಒಂದು ಹೆಸರು. ಇನ್ನೊಂದು ಕಡೆ, ಎರಡು ಕುಳಿಯಲ್ಲೂ ಅದೇ ನೀಲಿ ಹೂವು, ಒಂದೇ ಗಿಡ, ಆದರೆ ಒಂದು ಮಾದೇವಿ, ಒಂದು ನಾಗಿ. ಯಾವ ವಿದ್ಯಾರ್ಥಿಯಾದರೂ ಯೋಚಿಸಬೇಕಾದದ್ದನ್ನು ನಾನು ಯೋಚಿಸಲಿಲ್ಲ: ಹೆಸರು ಗಿಡದ್ದಲ್ಲ, ಕುಳಿಯದ್ದು. ಬದಲು ಅಂಚಿನಲ್ಲಿ ಬರೆದೆ, ‘ಹೇಳಿದವನಿಗೆ ಗೊಂದಲ.’ ಒಂದು ಗಿಡಕ್ಕೆ ಒಂದು ಹೆಸರು ಸಾಕೆಂದು ನಾಗಿಯ ಮೇಲೆ ಗೀಟು ಹಾಕಿದೆ. ಅಡಿಪಟ್ಟಿಯಿಟ್ಟು, ಶಾಯಿಯಲ್ಲಿ.

ಮುಂದಿನ ಸಲ ಬೇಣದ ಮೇಲೆ ಮೂರು ಹೆಸರು ಓದಿ ಪುಸ್ತಕ ಮಡಿಸಿದೆ. ಅವರು ಕಾದರು. ಒಂದು ಬಾಕಿ ಎಂದರು. ಎರಡೂ ಒಂದೇ ಗಿಡ, ಹೂವು ಒಂದೇ, ಎಲೆ ಒಂದೇ, ಆದ್ದರಿಂದ ಹೆಸರೂ ಒಂದೇ ಎಂದು ವಿವರಿಸಿದೆ.

“ಮುಖ ಒಂದೇ ನಮೂನೆ ಅಂದ್ರೆ ಹೆಸರೂ ಒಂದೇ ಆತದ್ಯಾ ಮಾಸ್ತರ್ರೆ?”

ಈ ಮಾತನ್ನೂ ಸ್ಟಾಫ್ ರೂಮಿನಲ್ಲಿ ಹೇಳಿದೆ. ಗಣಿತದವರು ಬಹಳ ಮೆಚ್ಚಿದರು.

ಅರವತ್ತೈದರ ಮಳೆಗಾಲದಲ್ಲಿ ಯಾವುದೋ ರಸ್ತೆಯ ಕೆಲಸಕ್ಕೆ ಚಿರೇಕಲ್ಲು ಬೇಕಾಯಿತು. ಬೇಣದ ಪಡುಗಡೆಯಿಂದ ಕಲ್ಲು ತೆಗೆಯಲು ಬಿಡಬಹುದೇ ಎಂಬ ವಿಚಾರ ನಡೆದು, ಸಂಬಂಧಪಟ್ಟ ಕಚೇರಿಯವರೊಬ್ಬರು, ನಾನು ಆ ಗುಡ್ಡ ಬಲ್ಲವನೆಂದು, ಅಲ್ಲಿ ಅಪರೂಪದ ಗಿಡಗಳೇನಾದರೂ ಇವೆಯೇ ಎಂದು ಕೇಳಿ ಬರೆದರು. ನಾನು ಪ್ರಾಮಾಣಿಕವಾಗಿ ನಾಲ್ಕು ಸಾಲು ಉತ್ತರಿಸಿದೆ. ಹೂಗಳು ಸುಂದರವಾಗಿವೆ, ಆದರೆ ಭಟ್ಕಳದಿಂದ ಕುಮಟೆಯವರೆಗೆ ಇಂಥ ಎಲ್ಲ ಗುಡ್ಡಗಳ ಮೇಲೂ ಅವೇ ಇವೆ, ಈ ಸ್ಥಳಕ್ಕೇ ವಿಶೇಷವಾದದ್ದು ಯಾವುದೂ ಇಲ್ಲ. ಆ ವಾಕ್ಯ ಸಸ್ಯಶಾಸ್ತ್ರದ ಮಟ್ಟಿಗೆ ಇಂದಿಗೂ ಸರಿ.

ಅದೇ ಮಳೆಗಾಲದಲ್ಲಿ ಬೇಣದಿಂದ ಅವರು ಕುಮಟೆಗೆ ಬಂದರು. ಲ್ಯಾಬಿನ ಬಾಗಿಲಲ್ಲಿ, ನೀರು ಇಳಿಯುವ ಗೊರಬನ್ನು ಹೊರಗೆ ಒರಗಿಸಿ ನಿಂತಿದ್ದರು. ಕಾಲೇಜಿನ ನೆಲದ ಮೇಲೆ ಆ ಪಾದಗಳನ್ನು ಕಂಡು ನನಗೆ ಒಂಥರಾ ಆಯಿತು. ಎಲ್ಲಿ ಊರಬೇಕೆಂದು ತಿಳಿಯದೆ ಹೊಸ್ತಿಲಲ್ಲೇ ಇದ್ದವು. ನಾನು ಬರೆದುಕೊಂಡ ಪುಸ್ತಕವನ್ನು ಆ ಕಚೇರಿಯವರಿಗೆ ತೋರಿಸಬೇಕು ಎಂದರು. ಅದರಲ್ಲಿ ಹೆಸರೆಲ್ಲ ಇದೆಯಲ್ಲ, ಬರೆದದ್ದು ನೋಡಿದರೆ ಅವರು ಕಲ್ಲು ಕಡಿಯಲಿಕ್ಕಿಲ್ಲ. ನಾನು ನಕ್ಕೆನೋ ಏನೋ. ಹೂವಿಗಾಗಿ ಇಷ್ಟು ದೂರ ಬಂದರಲ್ಲ ಎಂದು ಮೆಚ್ಚಿಕೆಯೂ ಆಗಿತ್ತು. ಸಮಾಧಾನ ಹೇಳಿದೆ: ಹೆದರಬೇಡ, ಅವು ಎಲ್ಲಿ ಬೇಕಾದರೂ ಬರುತ್ತವೆ. ಅಷ್ಟು ಮನಸ್ಸಿದ್ದರೆ ಮಣ್ಣು ಸಮೇತ ಎತ್ತಿಕೊಂಡು ಹೋಗಿ ನಿನ್ನ ಮನೆಯ ಹತ್ತಿರ ಇಡು. ಮಣ್ಣು ಬಿಡಿಸಬಾರದು ಅಷ್ಟೇ. ಏನೂ ಆಗುವುದಿಲ್ಲ.

“ಮಣ್ಣು ಸಮೇತ ತಂದ್ರೆ ಎಂತದೂ ಆಗೂದಿಲ್ಲ?”

ಇಲ್ಲ ಎಂದೆ.

“ನೀವು ಓದಿದೋರು. ಆತು.”

ಅವರು ಬಂದದ್ದು ನಾನು ಕಾಗದ ಬರೆಯುವ ಮೊದಲೋ, ಬರೆದ ಮೇಲೋ? ಎಷ್ಟು ಸಲ ಎಣಿಸಿ ನೋಡಿದರೂ ತಿಳಿಯದು. ಮೊದಲೇ ಆಗಿದ್ದರೆ ನಾನು ಬೇರೆ ರೀತಿ ಬರೆಯಬಹುದಿತ್ತು. ಆದ್ದರಿಂದ ನನ್ನ ನೆನಪು ಯಾವಾಗಲೂ, ಬರೆದ ಮೇಲೆಯೇ ಬಂದರು ಎಂದು ಹೇಳುತ್ತದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ.

ಮರುವರ್ಷ ಬೇರೆ ಕೆಲಸಗಳಲ್ಲಿ ಬೇಣಕ್ಕೆ ಹೋಗಲಾಗಲಿಲ್ಲ. ಭಟ್ಕಳದ ಬಸ್ಸಿನ ಕಂಡಕ್ಟರು ಒಮ್ಮೆ ಕುಮಟೆಯ ಪೇಟೆಯಲ್ಲಿ ಸಿಕ್ಕಿ, ನಿಮ್ಮ ಬೇಣದ ವಾಚರನಿಗೆ ತಲೆ ಕೆಟ್ಟಿದೆ, ದಿನಾ ಬುಟ್ಟಿಯಲ್ಲಿ ಮಣ್ಣು ಹೊತ್ತು ಗುಡ್ಡ ಇಳಿಯುತ್ತಾನೆ, ಕಲ್ಲು ಕಡಿಯುವವರು ತಮಾಷೆ ಮಾಡುತ್ತಾರೆ ಎಂದ. ನನ್ನ ಮಾತು ಕೇಳಿ ಹೂಗಿಡ ಸಾಗಿಸುತ್ತಿದ್ದಾರೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಇಬ್ಬರೂ ನಕ್ಕೆವು.

ಅದೇ ಕಂಡಕ್ಟರು ಅರವತ್ತೇಳರ ಭಾದ್ರಪದದಲ್ಲಿ, ಹೊಳೆಯಾಚೆ ನಾನು ಬಸ್ಸು ಹತ್ತುತ್ತಲೇ, “ನಿಮ್ಮ ವಾಚರ ಹೋದ, ತಿಂಗ್ಳಾತು,” ಎಂದ. ನಾನು ಹೊರಟದ್ದು ಭಟ್ಕಳಕ್ಕೆ. ಬೇಣದ ಬಳಿಯೇ ಇಳಿದೆ. ಪಡುಗಡೆಯ ಅಂಚು ಇರಲಿಲ್ಲ. ಚೌಕ ಚೌಕವಾಗಿ ಕಡಿದ ಗುಂಡಿ, ಅದರಲ್ಲಿ ಕೆಂಪು ನೀರು. ಉಳಿದರ್ಧದಲ್ಲಿ ಹೂವು ಎಂದಿನಂತೆ ಇತ್ತು.

ಮನೆ ಗುಡ್ಡದ ಬುಡದಲ್ಲಿ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ಮುಖದ ತುಂಬ ಸಿಡುಬಿನ ಕಲೆ. ನಾನು ಯಾರೆಂದು ಹೇಳುವ ಮೊದಲೇ ನನ್ನ ಚೀಲ ನೋಡಿ, “ಪುಸ್ತಕ ತಂದ್ರಾ?” ಎಂದು ಕೇಳಿದರು. ಗಿಡಗಳ ಆ ನೋಟುಬುಕ್ಕು ಎಲ್ಲಿಗೆ ಹೊರಟರೂ ನನ್ನ ಚೀಲದಲ್ಲೇ ಇರುತ್ತಿತ್ತು; ತಂದಿದ್ದೇನೆ ಎಂದೆ. ಮನೆಯೊಳಗೆ ತೆಗೆಯಬೇಡಿ ಎಂದು ಹೇಳಿ, ಅಂಗಳ ದಾಟಿ, ಬೇಲಿಯ ದಣಪೆಯ ಬಿದಿರು ಸರಿಸಿ ಆಚೆಯ ಇಳಿಜಾರಿಗೆ ಕರೆದುಕೊಂಡು ಹೋದರು.

ನಾಲ್ಕು ಮಣ್ಣಿನ ದಿಬ್ಬಗಳು. ಸುತ್ತ ಚಿರೇಕಲ್ಲಿನ ಚೂರು ಜೋಡಿಸಿತ್ತು. ಒಂದರ ಮೇಲೆ ಬಿಳಿ ಗುಂಡಿಯ ಹೂವು, ಒಂದರ ಮೇಲೆ ಹಳದಿ, ಎರಡರ ಮೇಲೆ ನೀಲಿ. ಬೇಣದ ಹೂವುಗಳೇ. ನನ್ನ ಬಾಯಿಂದ ಬಂದ ಮೊದಲ ಮಾತನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. “ಚೆನ್ನಾಗಿ ಹತ್ತಿಕೊಂಡಿವೆ,” ಎಂದೆ.

ಆಕೆ ದಿಬ್ಬದಂಚಿನ ಒಂದು ಕಲ್ಲನ್ನು ಸರಿಮಾಡಿ ಇಟ್ಟರು.

“ನಾನೂ ಬೇನೇಲಿ ಬಿದ್ದಿದ್ದೆ. ಒಂದೇ ಮಳೆಗಾಲ, ನಾಲ್ಕೂ ಹೋದ್ವು. ಹೊತ್ಕಂಡ್ ಹೋದ್ದು ಅವ್ರೊಬ್ರೆ. ಎಲ್ಲಿಟ್ರು ಅಂದೇಳಿ ನಾ ಕೇಳೂ ಹಂಗಿಲ್ಲ, ಅವ್ರು ಹೇಳೂ ಹಂಗಿಲ್ಲ.”

ಬೇನೆಯಲ್ಲಿ ಹೋದ ಮಕ್ಕಳ ಹೆಸರನ್ನು ಅವರ ಮನೆಯಲ್ಲಿ ಉಚ್ಚರಿಸುವುದಿಲ್ಲ; ಕರೆದರೆ ಬೇನೆ ದಾರಿ ಗುರುತಿಸಿಕೊಂಡು ಬರುತ್ತದೆ. ಆ ಮಕ್ಕಳು ಹೋದದ್ದು ನಾನು ಕುಮಟೆಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಅಂದಿನಿಂದ ಆ ಹೆಸರುಗಳನ್ನು ಗಟ್ಟಿಯಾಗಿ ಹೇಳಿದ್ದು ಬೇಣದ ಮೇಲೆ ಮಾತ್ರ. ಬರೆದದ್ದು ಜಗತ್ತಿನಲ್ಲಿ ನಾನೊಬ್ಬನೇ. ನನಗೆ ಎಲ್ಲ ತಿಳಿದಿದೆ, ತಿಳಿದೇ ಬರೆದುಕೊಂಡಿದ್ದೇನೆ ಎಂದು ಅವರು ಏಳು ವರ್ಷ ನಂಬಿದ್ದರು. ಮಾಸ್ತರರ ಪುಸ್ತಕದಲ್ಲಿ ಮಕ್ಕಳಿದ್ದಾರೆ ಎಂದು ಹೆಂಡತಿಗೆ ಹೇಳಿದ್ದರಂತೆ. ಮಣ್ಣು ಸಮೇತ ತಂದರೆ ಮಕ್ಕಳಿಗೆ ಏನೂ ಆಗುವುದಿಲ್ಲವೆಂದು ಮಾಸ್ತರರೇ ಹೇಳಿದರು ಎಂದೂ ಹೇಳಿದ್ದರಂತೆ.

ಕೂರಬೇಕೆನಿಸಿತು, ಎಲ್ಲಿ ಕೂರಲಿ, ಎಲ್ಲಿ ಕಾಲಿಡಲಿ ಎಂದು ತಿಳಿಯಲಿಲ್ಲ. ಕಲ್ಲಿಗಾಗಿ ನೆಲದಲ್ಲಿ ಹುಡುಕಿದೆ.

“ತಂದಿಟ್ಟು, ಯಾವ್ದು ಯಾರು ಅಂದೇಳಿ ಹೇಳ್ದೆ ಹೋದ್ರು. ನೀವು ಹೇಳಿ ತಮಾ. ಈಗ ನಾನು ಕೇಳ್ಬಹುದು. ಬೇನೆ ಬಂದ್ರೂ ಕೊಂಡೋಗೂಕೆ ಮನೇಲಿ ಇನ್ಯಾರೂ ಇಲ್ಲ.”

ಪುಸ್ತಕ ತೆರೆದೆ. ಬಿಳಿ ಹೂವಿನದು ಸುಬ್ಬು ಎಂದೆ. ಹಳದಿ ತಿಮ್ಮು. ಹೆಸರು ಕೇಳಿದಾಗೆಲ್ಲ ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮಾದೇವಿ ಎಂದೆ. ನೀಲಿ ಹೂವು. ನಾಗಿ ಎಂದೆ. ಅದೂ ನೀಲಿ ಹೂವು.

ಆಕೆ ಪುಟದ ಮೇಲೆ ಬಗ್ಗಿದರು. ಅಕ್ಷರ ಬಾರದವರಿಗೂ ಗೀಟು ಕಾಣುತ್ತದೆ.

“ಇದ್ರ ಮೇಲೆ ಗೀಟು ಎಂತಕ್ಕೆ?”

“ಪೆನ್ನು ಜಾರಿತು,” ಎಂದೆ.

ಅಷ್ಟು ನೇರವಾಗಿ ಯಾವ ಪೆನ್ನೂ ಜಾರುವುದಿಲ್ಲ. ಆಕೆಗೆ ತಿಳಿಯದೆ ಇರಲಿಲ್ಲ.

“ಆತು. ಹಂಗಾರೆ ಇದ್ರಲ್ಲಿ ನಾಗಿ ಯಾವ್ದು?”

ಎರಡು ದಿಬ್ಬ, ಹೂವು ಒಂದೇ, ಎಲೆ ಒಂದೇ. ಎರಡರ ನಡುವೆ ವ್ಯತ್ಯಾಸವಿಲ್ಲವೆಂದು ನಾನೇ ತೀರ್ಮಾನಿಸಿ, ಗೀಟೆಳೆದು, ವ್ಯತ್ಯಾಸವನ್ನು ಬರೆದಿಡದೆ ಬಿಟ್ಟಿದ್ದೆ. ಮಕ್ಕಳನ್ನು ತಂದಿಡುವಾಗ ಆ ತಂದೆ ಯಾವ ಕ್ರಮ ಹಿಡಿದರೋ. ಸಾಕ್ಷಿಯಿಲ್ಲದೆ ಯಾವ ಮಾತನ್ನೂ ಒಪ್ಪಬಾರದೆಂದು ಹುಡುಗರಿಗೆ ಕಲಿಸಿದವನು ನಾನು. ಗೊತ್ತಿಲ್ಲ ಎಂದು ಹೇಳಲು ಬಾಯಿ ತೆರೆದೆ.

ಆಕೆ ಕಾಯುತ್ತಿದ್ದರು, ಬೇಣದ ಮೇಲೆ ಅವರು ಕಾಯುತ್ತಿದ್ದ ಹಾಗೆಯೇ.

ಕೈಯೆತ್ತಿ ಒಂದನ್ನು ತೋರಿಸಿದೆ. ಎಡಗಡೆಯದೋ ಬಲಗಡೆಯದೋ, ಈಗ ನೆನಪಿಲ್ಲ. ಆಕೆ ಆ ಕಡೆಗೆ ಹೋಗಿ, ಕೂತು, ನೀಲಿ ಹೂವುಗಳ ಮೇಲೆ ಅಂಗೈ ಇಟ್ಟು, ಅಷ್ಟು ವರ್ಷಗಳ ಮೇಲೆ ಮೊದಲ ಸಲ ಮಗಳ ಹೆಸರು ಕರೆದರು.